ಟಂಕಸಾಲೆಯ ತಪ್ಪಾ, ಯಾರೋ ಉಜ್ಜಿದ್ದಾ?

ಹೊಳೆನರಸೀಪುರದಿಂದ ಹಾಸನಕ್ಕೆ ಬರೋ ಬಸ್ಸಲ್ಲಿ ರೂಮ್‌ಮೇಟ್‌ಗೆ ಚಿಲ್ಲರೆ ಜೊತೆ ಒಂದು ವಿಚಿತ್ರ ರೂಪಾಯಿ ಸಿಕ್ಕಿತು. ಅಂಚಲ್ಲಿ ಅರ್ಧಚಂದ್ರದ ಕಚ್ಚು. "ಎರರ್ ಕಾಯಿನ್ ಕಣೋ, ಲಕ್ಷಕ್ಕೆ ಹೋಗತ್ತೆ!" ಅಂತ ಆನ್‌ಲೈನ್‌ನಲ್ಲಿ ಫೋಟೋ ಹಾಕಿದ. ಕೊಳ್ಳುತ್ತೇನೆ ಅಂದವನು ಮೊದಲು 'ನೋಂದಣಿ ಶುಲ್ಕ' ಕೇಳಿದ. ದುಡ್ಡು ಕಳಿಸೋ ಮುಂಚೆ ನಾಣ್ಯ ನೋಡೋಣ ತಡಿ ಅಂದೆ.

ಕೇಳಬೇಕಾದ ಪ್ರಶ್ನೆ ಒಂದೇ. ಇದು ನಾಣ್ಯ ತಯಾರಾಗುವಾಗ ಆದದ್ದೋ, ಪ್ರೆಸ್ಸಿನಿಂದ ಹೊರಬಿದ್ದ ಮೇಲೋ?

ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸಿ, ಅದರ ಅಂಚನ್ನು ಒತ್ತಿ ಎಬ್ಬಿಸಿ, ಆಮೇಲೆ ಕಾಲರ್ ಒಳಗೆ ಕೂರಿಸಿ ಎರಡು ಡೈಗಳ ನಡುವೆ ಒತ್ತುತ್ತಾರೆ. ಪಟ್ಟಿಯಲ್ಲಿ ಆಗಲೇ ತೂತಾದ ಜಾಗದ ಮೇಲೆ ಪಂಚ್ ಬಿದ್ದರೆ ಕಚ್ಚಿದ ಬಿಲ್ಲೆ ಬರುತ್ತದೆ. ಮಜಾ ಇರೋದು ಮುಂದೆ. ಅಂಚು ಎಬ್ಬಿಸುವಾಗ ಕಚ್ಚಿನ ಕಡೆ ಆಸರೆ ಇಲ್ಲದ್ದರಿಂದ ಅದರ ನೇರ ಎದುರಿನ ಅಂಚಿಗೂ ಒತ್ತಡ ಸಿಗಲ್ಲ. ಅಲ್ಲಿಯೂ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅಂತಾರೆ. ನಮ್ಮ ರೂಪಾಯಿಯಲ್ಲಿ ಎದುರಿನ ಅಂಚು ಚೊಕ್ಕವಾಗಿತ್ತು. ಕಚ್ಚಿನೊಳಗೆ ಮಾತ್ರ ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ನಾವು ಫೈಲಿಂಗ್ ಮಾಡಿದಾಗ ಬೀಳುವಂಥವೇ ಗೀರುಗಳು!

ಗೆರೆ ಕಂಡರೆ ಉಗುರಾಡಿಸಿ ನೋಡಿ. ಡೈ ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹರಿದು ಉಬ್ಬುಗೆರೆಯಾಗುತ್ತದೆ. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ. ಅಕ್ಷರವೆಲ್ಲ ತೆಳ್ಳಗೆ, ಮಸುಕಾಗಿ ಇದ್ದರೆ ಲ್ಯಾಬಿನ ತಕ್ಕಡಿಗೆ ಹಾಕಿ. ಹತ್ತು ರೂಪಾಯಿ 7.71 ಗ್ರಾಂ ತೂಗಬೇಕು. ತುಂಬ ಕಮ್ಮಿ ಬಂದರೆ ಆಸಿಡ್ ಕೆಲಸ ಇರಬಹುದು. ರೈಲು ಹತ್ತಿ ಚಪ್ಪಟೆಯಾದದ್ದು ಅಗಲವಾಗುತ್ತೆ, ತೂಕ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. (ಹಳಿ ಮೇಲೆ ಇಟ್ಟು ಪರೀಕ್ಷೆ ಮಾಡಬೇಡ್ರಪ್ಪಾ.)

₹ ಚಿಹ್ನೆ ಇಲ್ಲದ ಹತ್ತರ ನಾಣ್ಯ ಎರರ್ರೂ ಅಲ್ಲ, ನಕಲಿಯೂ ಅಲ್ಲ. ಆ ಚಿಹ್ನೆ ನಾಣ್ಯಕ್ಕೆ ಬಂದದ್ದೇ 2011ರಲ್ಲಿ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸಿಂಧು ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಇಸವಿ ಕೆಳಗಿನ ಚುಕ್ಕಿಯೂ ದೋಷವಲ್ಲ, ಅದು ನೊಯ್ಡಾ ಟಂಕಸಾಲೆಯ ಗುರುತು.

ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಅಜ್ಜಿಮನೆ ಡಬ್ಬಿಯಲ್ಲಿ ಮೈಸೂರಿನ ಹಳೇ ಆನೆ ಕಾಸು ಸಿಕ್ಕಿದರೆ ಈ ಲೆಕ್ಕ ಬೇರೆ. ಅವು ಕೈಯಲ್ಲಿ ಸುತ್ತಿಗೆಯಿಂದ ಹೊಡೆದವು. ಆನೆಯ ಬಾಲ ಅಂಚಿನಾಚೆ ಹೋಗಿದ್ದರೆ ಅದು ಮಾಮೂಲಿ.

ರೂಮ್‌ಮೇಟ್ ಶುಲ್ಕ ಕಳಿಸಲಿಲ್ಲ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೇ ನಾಣ್ಯಕ್ಕೆ ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದ್ದನ್ನು ತೋರಿಸಿದೆ. ಆ ರೂಪಾಯಿ ಮಾತ್ರ ಟೀ ಅಂಗಡಿಯಲ್ಲೂ ಓಡಲಿಲ್ಲ, ವಾಪಸ್ ಬಂತು.