ಮೇಯರ್ ಕೈಗೆ ಎಟಕುವಷ್ಟು

ಹೂಡಿಯ ಹೆಸರಿನಲ್ಲಿ ಎರಡು ನಿಲ್ದಾಣಗಳಿವೆ. ಚೆನ್ನೈ ಮಾರ್ಗದಲ್ಲಿ ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ನಡುವೆ ಸಿಗುವ ಹೂಡಿ ಹಾಲ್ಟ್ ಒಂದು. ಬಂಗಾರಪೇಟೆ, ಮಾಲೂರು ಕಡೆಯಿಂದ ಮೆಮು ರೈಲು ಹತ್ತಿ ಕೆಲಸಕ್ಕೆ ಬರುವವರು ಇಳಿಯುವ ಜಾಗ. ಇನ್ನೊಂದು, 2023ರ ಮಾರ್ಚ್ 25ರಂದು ಉದ್ಘಾಟನೆಯಾದ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣ. ರೈಲು ನೈಋತ್ಯ ರೈಲ್ವೆಯದು, ಮೆಟ್ರೊ ಬಿಎಂಆರ್‌ಸಿಎಲ್‌ನದು, ಬಸ್ಸು ಬಿಎಂಟಿಸಿಯದು, ನಲ್ಲಿ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಇಲ್ಲಿ ಇಳಿದವರು ಆಫೀಸಿಗೋ ಪಿ.ಜಿ.ಗೋ ನಡೆದು ಹೋಗುವ ಒಳರಸ್ತೆ, ಕಾಲಡಿಯ ಚಪ್ಪಡಿ, ಅದರ ಕೆಳಗಿನ ಮೋರಿ, ತಲೆಯ ಮೇಲಿನ ಬೀದಿದೀಪ ಮಾತ್ರ ಪಾಲಿಕೆಯ ಪಾಲಿಗೆ.

ಆ ಪಾಲಿಕೆಯೇ ಹೊಸತು. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ ಆರಂಭದಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರಪಾಲಿಕೆಗಳು ತಲೆಯೆತ್ತಿದವು. ಕೆ.ಆರ್. ಪುರ ಮತ್ತು ಮಹದೇವಪುರ ವಿಧಾನಸಭಾ ಕ್ಷೇತ್ರಗಳು ಸೇರಿ ಬೆಂಗಳೂರು ಪೂರ್ವ ನಗರಪಾಲಿಕೆಯಾಯಿತು; ಹೂಡಿ ಬರುವುದು ಇದರಲ್ಲೇ. ವಾರ್ಡುಗಳು 50. ಎಲ್ಲಕ್ಕೂ ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಂದಿನಿಂದ ಊರು ನಡೆಸಿದ್ದು ಅಧಿಕಾರಿಗಳು. ಹಳೆಯ ಮೇಯರ್‌ಗಳಿಗೆ ಸಿಗುತ್ತಿದ್ದದ್ದು ಒಂದೇ ವರ್ಷ. ಸನ್ಮಾನ, ಹಾರ ತುರಾಯಿಗಳ ಗದ್ದಲ ಅಡಗುವಷ್ಟರಲ್ಲಿ ಬಜೆಟ್ ಬಂದು, ಬಜೆಟ್ ಮುಗಿಯುವಷ್ಟರಲ್ಲಿ ಕುರ್ಚಿ ಹೋಗುತ್ತಿತ್ತು. ಹೊಸ ಕಾಯ್ದೆಯಲ್ಲಿ ಮೇಯರ್ ಅವಧಿ 30 ತಿಂಗಳು. ಪೂರ್ವ ಪಾಲಿಕೆಯ ಮೊದಲ ಮೇಯರ್ ಈ 30 ತಿಂಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ಸುರಂಗ ರಸ್ತೆಯನ್ನಂತೂ ಅಲ್ಲ. ಅದು ಜಿಬಿಎ ಮತ್ತು ಅದರ ಕಂಪನಿ ಬಿ-ಸ್ಮೈಲ್ ನೋಡಿಕೊಳ್ಳುವ ಕೆಲಸ. ತನ್ನ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟ ಮೇಯರ್, ಕೈಯಲ್ಲಿರುವುದಕ್ಕೂ ಸಮಯ ಸಾಲದೆ ಒದ್ದಾಡುವುದು ಖಂಡಿತ.

ದುಡ್ಡಿನ ಲೆಕ್ಕದಲ್ಲಿ ಈ ಪಾಲಿಕೆ ಬಡವಲ್ಲ. ಬಿಬಿಎಂಪಿಯ ಎಂಟು ವಲಯಗಳಲ್ಲಿ ಆಸ್ತಿ ತೆರಿಗೆ ಸಂಗ್ರಹದಲ್ಲಿ ಮುಂದಿರುತ್ತಿದ್ದದ್ದು ಮಹದೇವಪುರ ವಲಯ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು, ಐಟಿಪಿಎಲ್, ಇಪಿಐಪಿ ವಲಯ, ಸಾಲುಸಾಲು ಅಪಾರ್ಟ್‌ಮೆಂಟುಗಳು ಕಟ್ಟಿದ ಹಣ ಇಡೀ ನಗರದ ಬೊಕ್ಕಸ ಸೇರುತ್ತಿತ್ತು. ವರ್ತೂರು, ಪಾಣತ್ತೂರು ಕಡೆಯ ನಿವಾಸಿಗಳು 2025ರಲ್ಲಿ ‘ಅಭಿವೃದ್ಧಿ ಇಲ್ಲದಿದ್ದರೆ ತೆರಿಗೆಯೂ ಇಲ್ಲ’ ಎಂದು ದನಿಯೆತ್ತಿದ್ದು ಇದೇ ಸಿಟ್ಟಿಗೆ. ಈಗ ಈ ಭಾಗದ ತೆರಿಗೆ ಈ ಪಾಲಿಕೆಗೇ ಬರುತ್ತದೆ. ಹಾಗಾಗಿ ಮೊದಲ ಕೆಲಸ, ವಾರ್ಡಿನಿಂದ ಎಷ್ಟು ಬಂತು, ವಾರ್ಡಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಪ್ರಕಟಿಸುವುದು.

ಎರಡನೆಯದು ಫುಟ್‌ಪಾತ್. ಮೆಟ್ರೊಗೆ ಸಾವಿರಾರು ಕೋಟಿ ಸುರಿದರೂ ನಿಲ್ದಾಣದಿಂದ ಮನೆತನಕ ನಡೆಯಲಾಗದಿದ್ದರೆ ಜನ ಮತ್ತೆ ಸ್ಕೂಟರ್ ಕೀಲಿಯನ್ನೇ ಹುಡುಕುತ್ತಾರೆ. ಕೆ.ಆರ್. ಪುರದಿಂದ ಕಾಡುಗೋಡಿವರೆಗೆ 12 ಮೆಟ್ರೊ ನಿಲ್ದಾಣಗಳಿವೆ. ಪ್ರತಿ ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರ್ ಎಂದು ಗೆರೆ ಎಳೆದು, ಅಲ್ಲಿನ ಪಾಲಿಕೆ ರಸ್ತೆಗಳ ಒಡೆದ ಚಪ್ಪಡಿ ಬದಲಿಸಿ, ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್‌ಗಳನ್ನು ಸರಿಸಲು ಬೆಸ್ಕಾಂ ಬೆನ್ನು ಹತ್ತಿ, ದೀಪ ಹಾಕಿಸಿದರೆ ಸಾಕು. ತಳ್ಳುಗಾಡಿಯವರಿಗೂ ಅಲ್ಲೇ ಜಾಗ ಗುರುತಿಸಬೇಕು. ಓಡಿಸಿದರೆ ಮರುದಿನ ಅವರು ಅಲ್ಲೇ ಇರುತ್ತಾರೆ, ಗಿರಾಕಿಗಳೂ ಅಲ್ಲೇ ಇರುತ್ತಾರೆ.

ಮೂರನೆಯದು ಮಳೆನೀರು. 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮುಳುಗಿ, ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ದೇಶವೇ ನೋಡಿದ ಚಿತ್ರ. ಈ ಸೀಮೆಯ ಕೆರೆಗಳು ಸರಣಿಯಾಗಿ ಕಟ್ಟಿದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಡುವೆ ಎಲ್ಲಿ ಕಾಲುವೆ ಕಿರಿದಾಯಿತೋ ಅಲ್ಲಿನ ನೆಲಮಾಳಿಗೆ ತುಂಬುತ್ತದೆ. ಆ ಪ್ರವಾಹದ ಬೆನ್ನಿಗೇ ಕಾಲುವೆ ಒತ್ತುವರಿ ತೆರವಿಗೆ ಮಹದೇವಪುರದಲ್ಲಿ ಜೆಸಿಬಿಗಳು ಇಳಿದವು. ಸರ್ವೆ, ತಡೆಯಾಜ್ಞೆಗಳ ನಡುವೆ ಸದ್ದು ತಗ್ಗಿತು. ಹೊಸ ಮೇಯರ್ ಮಾಡಬೇಕಾದದ್ದು ಉಳಿದ ಸರ್ವೆ ಮುಗಿಸಿ, ಬಡವರ ಶೀಟ್ ಮನೆಗೂ ಬಿಲ್ಡರ್‌ನ ಕಾಂಪೌಂಡಿಗೂ ಒಂದೇ ಅಳತೆ ಹಿಡಿಯುವುದು.

ಜನ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೇ ಪಾಲಿಕೆಯೊಳಗಿದೆ. ಕೈಕೊಂಡ್ರಹಳ್ಳಿ ಕೆರೆ 2010ರ ಆಸುಪಾಸಿನಲ್ಲಿ ಪುನಶ್ಚೇತನಗೊಂಡದ್ದು ಬಿಬಿಎಂಪಿ ಮತ್ತು ಸುತ್ತಲಿನ ನಿವಾಸಿಗಳ ಜಂಟಿ ಕೆಲಸದಿಂದ. ವಾರ್ಡ್ ಸಮಿತಿಗಳು ನಿಜವಾಗಿ ಸಭೆ ಸೇರಿ, ನಡಾವಳಿ ಬರೆದರೆ ಇಂಥದ್ದು ಬೇರೆಡೆಯೂ ನಡೆದೀತು.

ಕಸದ ವಿಷಯದಲ್ಲಿ ಮೇಯರ್‌ಗೆ ಕೆಲಸ ಕಡಿಮೆ, ಹೊಣೆ ಹೆಚ್ಚು. ವಿಲೇವಾರಿ ನಡೆಸುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಕಂಪನಿ. ಆದರೆ ಬೈಗುಳ ತಿನ್ನುವವರು ಕಾರ್ಪೊರೇಟರ್. ನಗರದ ಕಸ ಹೊತ್ತು ಬಸವಳಿದ ಮಂಡೂರಿನ ಜನ ರಸ್ತೆಗಿಳಿದು, 2014ರ ಡಿಸೆಂಬರ್‌ನಿಂದ ಲಾರಿಗಳನ್ನು ನಿಲ್ಲಿಸಿದ್ದು ಹೂಡಿಗೆ ದೂರದ ಕಥೆಯಲ್ಲ. ಹಸಿ, ಒಣ ಕಸ ಮನೆಯಲ್ಲೇ ಬೇರೆಯಾಗದಿದ್ದರೆ ಅದು ಇನ್ನೊಂದು ಹಳ್ಳಿಯ ಹೆಗಲೇರುತ್ತದೆ.

ಕೈಗೆಟಕುವ ಕೆಲಸವನ್ನೇ ಹಟ ಹಿಡಿದು ಮಾಡಿದವರು ಬೇರೆ ದೇಶದಲ್ಲೂ ಇದ್ದಾರೆ. ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಪ್ರದೇಶಕ್ಕೆ 2017ರ ಮೇನಲ್ಲಿ ಮೊದಲ ಮೇಯರ್ ಆಗಿ ಆಯ್ಕೆಯಾದ ಆ್ಯಂಡಿ ಬರ್ನಮ್, ಖಾಸಗಿ ಕಂಪನಿಗಳ ಪಾಲಾಗಿದ್ದ ಬಸ್ಸುಗಳನ್ನು ಸಾರ್ವಜನಿಕ ಹತೋಟಿಗೆ ತರಲು ಹೊರಟರು. ಮೊದಲ ಬಸ್ಸು ಆ ಹತೋಟಿಯಲ್ಲಿ ಓಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಇಡೀ ಪ್ರದೇಶ ಸೇರಿದ್ದು 2025ರ ಜನವರಿಯಲ್ಲಿ. ಅಲ್ಲಿ ಜನ ನೇರವಾಗಿ ಆರಿಸಿದ, ಮರು ಆಯ್ಕೆಯಾದ ಮೇಯರ್‌ಗೂ ಅಷ್ಟು ಕಾಲ ಬೇಕಾಯಿತು.

ಪೂರ್ವ ಪಾಲಿಕೆಯ ಮೇಯರ್‌ಗೆ ಅಷ್ಟು ವ್ಯವಧಾನವಿಲ್ಲ. 30 ತಿಂಗಳಲ್ಲಿ ಎರಡು ಮಳೆಗಾಲವಂತೂ ಎದುರಾಗುತ್ತವೆ. ಬೆಂಗಳೂರಿಗೆ ಏಪ್ರಿಲ್–ಮೇ ತಿಂಗಳಲ್ಲೇ ಗುಡುಗು ಮಳೆ ಶುರುವಾಗುವುದರಿಂದ, ಮೋರಿ ಮತ್ತು ಕಾಲುವೆಗಳ ಹೂಳೆತ್ತುವ ಟೆಂಡರ್ ಫೆಬ್ರುವರಿಯೊಳಗೆ ಮುಗಿದು, ಮಾರ್ಚ್‌ನಲ್ಲಿ ಕೆಲಸ ಆರಂಭವಾಗಿರಬೇಕು. ಎತ್ತಿದ ಹೂಳನ್ನು ಅದೇ ದಿನ ಲಾರಿಗೆ ಹಾಕಿಸಬೇಕು. ದಂಡೆಯಲ್ಲಿ ಬಿಟ್ಟರೆ ಮೊದಲ ಮಳೆಗೇ ಅದು ಮತ್ತೆ ಮೋರಿಗೆ ಇಳಿಯುತ್ತದೆ.