ಬಂಡೆಯ ಬಣ್ಣವೂ ಸ್ಲೈಡಿನ ಬಣ್ಣವೂ

ಕಣ್ಣು ಕಂಡ ಬಣ್ಣವೇ ಛಾಯಾಚಿತ್ರದಲ್ಲಿಯೂ ಮೂಡುವುದೆಂಬುದು ಸಾಮಾನ್ಯ ನಂಬಿಕೆ. ಸ್ಲೈಡ್ ಫಿಲ್ಮುಗಳನ್ನು ತುಲನೆ ಮಾಡಿ ನೋಡಿದರೆ ಇದು ಪೂರ್ಣ ಸತ್ಯವಲ್ಲವೆಂಬುದು ವಿದಿತವಾಗುತ್ತದೆ. ಒಂದೇ ದೃಶ್ಯವನ್ನು ಒಂದು ಫಿಲ್ಮು ಸೌಮ್ಯವಾಗಿಯೂ ಮತ್ತೊಂದು ಗಾಢವಾಗಿಯೂ ತೋರುತ್ತದೆ. ಈ ಗಾಢತೆಯನ್ನೇ ವರ್ಣಸಾಂದ್ರತೆ ಎನ್ನುತ್ತೇವೆ.

ಸ್ಲೈಡ್ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕುಗಳನ್ನು ಗ್ರಹಿಸುವ ಮೂರು ಪದರಗಳಿವೆ. ಸಂಸ್ಕರಣೆಯ ತರುವಾಯ ಅವುಗಳಲ್ಲಿ ಕ್ರಮವಾಗಿ ಹಳದಿ, ಮಜೆಂಟಾ, ಸಯಾನ್ ವರ್ಣದ್ರವ್ಯಗಳು ಉಳಿಯುತ್ತವೆ. ಒಂದು ಪದರದ ರಾಸಾಯನಿಕ ಕ್ರಿಯೆಯು ನೆರೆಯ ಪದರವನ್ನು ಹೆಚ್ಚು ತಡೆದಂತೆ ಬಣ್ಣಗಳು ಬೇರ್ಪಟ್ಟು ಗಾಢವಾಗುತ್ತವೆ. ಬೆಳಕನ್ನು ತುಸು ಕಡಿಮೆ ಕೊಟ್ಟರೂ ಗಾಢತೆ ಹೆಚ್ಚುವುದುಂಟು.

1935ರಲ್ಲಿ ಚಲನಚಿತ್ರಕ್ಕಾಗಿ ಬಂದು, ಮರುವರ್ಷ ಸ್ಥಿರಚಿತ್ರಕ್ಕೂ ಒದಗಿದ ಕೊಡಾಕ್ರೋಮ್ ಸಂಯಮದ ಬಣ್ಣಕ್ಕೆ ಹೆಸರಾಗಿತ್ತು. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾ ಅತಿ ಗಾಢವಾದುದು. ಪ್ರೋವಿಯಾ ಇವೆರಡರ ನಡುವಣದು.

ನಮ್ಮ ತಾಲ್ಲೂಕುಗಳು ಇವುಗಳಿಗೆ ಒರೆಗಲ್ಲಿನಂತಿವೆ. 1975ರ ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬಂಡೆಗಳು ಸಂಜೆಯ ಬಿಸಿಲಿನಲ್ಲಿ ವೆಲ್ವಿಯಾದ ಮೇಲೆ ಕೆಂಡದಂತೆ ತೋರುತ್ತವೆ. ಸೌಮ್ಯ ಫಿಲ್ಮಿನಲ್ಲಿ ಅವುಗಳ ಬೂದುಬಣ್ಣ ಉಳಿಯುತ್ತದೆ. ಮಾಗಡಿಯ ಸಾವನದುರ್ಗದ ನೀರಿಳಿದ ಕಪ್ಪು ಗೆರೆಗಳಿಗೂ ಸೌಮ್ಯವೇ ಲೇಸು. ಕನಕಪುರದ ಸಂಗಮದಲ್ಲಿ, ಅರ್ಕಾವತಿಯು ಕಾವೇರಿಯನ್ನು ಸೇರುವೆಡೆಯ ಕಾಡಿನ ಹಸಿರಿಗೆ ವೆಲ್ವಿಯಾ ಮೆರುಗು ಕೊಡುತ್ತದೆ. ಚನ್ನಪಟ್ಟಣದ ಗೊಂಬೆಯ ಅರಗಿನ ಕೆಂಪಾದರೋ ಮೊದಲೇ ಗಾಢ. ಅತಿ ಗಾಢ ಫಿಲ್ಮಿನಲ್ಲಿ ಅದರ ಛಾಯಾಭೇದಗಳು ಮುಳುಗಿ ಹೋಗುತ್ತವೆ. ಗೊಂಬೆಯನ್ನು ಕಡೆಯುವ ಕುಶಲಕರ್ಮಿಯ ಮುಖವೂ ಅಸಹಜವಾಗಿ ಕೆಂಪೇರುತ್ತದೆ.

ಇದು ಕೇವಲ ಅಭಿರುಚಿಯ ಮಾತಲ್ಲ. ಕಲ್ಲುಗಣಿಗಾರಿಕೆಯಿಂದ ಈ ಸೀಮೆಯ ಎಷ್ಟೋ ಗುಡ್ಡಗಳು ರೂಪಗೆಟ್ಟಿವೆ. ಮುಂದಿನ ಪೀಳಿಗೆಗೆ ಅವುಗಳ ಸಾಕ್ಷಿಯೆಂದರೆ ಹಳೆಯ ಚಿತ್ರಗಳೇ. ಸಾಕ್ಷಿ ಹೇಳುವವನ ಸ್ವಭಾವವನ್ನು ಅರಿಯದೆ ಸಾಕ್ಷ್ಯವನ್ನು ತೂಗಲಾಗದು.

ಆ ಸಾಕ್ಷಿಯೂ ಚಿರಂಜೀವಿಯಲ್ಲ. ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಅಮೆರಿಕದ ಕೊನೆಯ ಪ್ರಯೋಗಾಲಯವು 2010ರ ಡಿಸೆಂಬರಿನಲ್ಲಿ ಫಿಲ್ಮು ಸ್ವೀಕರಿಸುವುದನ್ನು ನಿಲ್ಲಿಸಿತು. ಕತ್ತಲೆಯಲ್ಲಿಟ್ಟ ಕೊಡಾಕ್ರೋಮ್ ದೀರ್ಘಕಾಲ ಬಾಳುತ್ತದೆ. ಆದರೆ ಪ್ರೊಜೆಕ್ಟರಿನ ಬೆಳಕಿಗೆ ಬೇಗನೆ ಮಾಸುತ್ತದೆ. ಎಲ್ಲ ಬಗೆಯ ಸ್ಲೈಡುಗಳಿಗೂ ಮಳೆಗಾಲದ ಬೂಷ್ಟು ಪರಮವೈರಿ.

ಆದುದರಿಂದ ವಾಚಕರು ಮನೆಯ ಪೆಟ್ಟಿಗೆಯಲ್ಲಿರುವ ಸ್ಲೈಡುಗಳನ್ನು ತಂಪಾದ, ಒಣಗಿದ, ಕತ್ತಲೆಯ ಸ್ಥಳದಲ್ಲಿಡಲಿ. ಚೌಕಟ್ಟಿನ ಮೇಲೆ ಊರು, ವರ್ಷ, ಫಿಲ್ಮಿನ ಹೆಸರುಗಳನ್ನು ಬರೆದಿಡಲಿ. ಗಣಕಯಂತ್ರಕ್ಕೆ ಪ್ರತಿ ಮಾಡಿಸುವಾಗ ಬಣ್ಣ ಏರಿಸದ ಒಂದು ಪ್ರತಿಯನ್ನು ಕಡ್ಡಾಯವಾಗಿ ಉಳಿಸಿಕೊಳ್ಳಲಿ. ಅಂದವಾದ ಪ್ರತಿಯನ್ನು ಎಂದು ಬೇಕಾದರೂ ಮಾಡಬಹುದು. ಮೂಲ ಅಳಿದರೆ ಮರಳಿ ಬಾರದು.