ಬೂತಾಯಿಯ ಬದಲು ಹುಳ

ಸೀಗಡಿ ಏನು ತಿಂದು ಬೆಳೆಯುತ್ತದೆ ಅಂತ ವಿಶಾಖಪಟ್ಟಣಕ್ಕೆ ಬರುವವರೆಗೂ ನಾನು ಯೋಚಿಸಿದವನಲ್ಲ. ಇಲ್ಲಿ ಸೀಗಡಿಯೇ ದೊಡ್ಡ ವ್ಯವಹಾರ. ದೇಶದಲ್ಲಿ ಅತಿ ಹೆಚ್ಚು ಸೀಗಡಿ ಬೆಳೆಯುವ ರಾಜ್ಯ ಆಂಧ್ರ; ಭೀಮವರಂ ಕಡೆ ಭತ್ತದ ಗದ್ದೆಗಳೇ ಕೆರೆಗಳಾಗಿವೆ. ಸಾಕುವವರ ಖರ್ಚಿನಲ್ಲಿ ದೊಡ್ಡ ಪಾಲು ಮೇವಿಗೆ. ಆ ಮೇವಿನಲ್ಲಿ ಫಿಶ್‌ಮೀಲ್, ಅಂದರೆ ಒಣಗಿಸಿ ಪುಡಿ ಮಾಡಿದ ಸಣ್ಣ ಮೀನು ಇರುತ್ತದೆ. ಮಂಗಳೂರು ಕಡೆಯವರಿಗೆ ಆ ಕಾರ್ಖಾನೆಗಳ ವಾಸನೆ ಗೊತ್ತು. ಜನರ ತಟ್ಟೆಗೆ ಬರಬೇಕಾದ ಬೂತಾಯಿ, ಅಮೆರಿಕಕ್ಕೆ ಹೋಗುವ ಸೀಗಡಿಯ ಹೊಟ್ಟೆ ಸೇರುವುದು ನನಗಂತೂ ಸರಿ ಕಾಣದು.

ಬೂತಾಯಿಯ ಬದಲಿಗೆ ನಿಲ್ಲಬಲ್ಲದ್ದು ಒಂದು ನೊಣದ ಮರಿ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅಂತ ಹೆಸರು. ಮೂಗು ಮುರಿಯಬೇಡಿ, ಇದು ಕಚ್ಚುವುದಿಲ್ಲ, ಊಟದ ಮೇಲೆ ಮುತ್ತುವುದಿಲ್ಲ. ತಿನ್ನುವ ಕೆಲಸವೆಲ್ಲ ಮರಿಹುಳದ್ದೇ. ಎರಡು ಮೂರು ವಾರ ಹಸಿ ಕಸ ಮೆದ್ದು ಕೊಬ್ಬಿ, ಆಮೇಲೆ ಒಣ ಜಾಗ ಹುಡುಕಿಕೊಂಡು ತಾನೇ ತೆವಳಿ ಹೊರಬರುತ್ತದೆ. ತೊಟ್ಟಿಗೊಂದು ಇಳಿಜಾರು ಕೊಟ್ಟರೆ ಕೊಯ್ಲೂ ಅದೇ ಮಾಡಿಕೊಟ್ಟಂತೆ. (ನಮ್ಮ ಆಫೀಸಿನಲ್ಲಿ ಇಷ್ಟು ಆಟೊಮೇಷನ್‌ಗೆ ಆರು ತಿಂಗಳು ಮೀಟಿಂಗ್ ನಡೆಯುತ್ತದೆ.) ಒಣಗಿಸಿದ ಹುಳದಲ್ಲಿ ಸುಮಾರು ಶೇ 40ರಷ್ಟು ಪ್ರೋಟೀನ್. ಉಳಿದ ಹಿಕ್ಕೆ ಗಿಡಗಳಿಗೆ ಗೊಬ್ಬರ.

ನಮ್ಮವರಿಗೆ ಇದು ತೀರ ಹೊಸದೂ ಅಲ್ಲ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಹುಳು ಕೋಳಿ, ಮೀನಿನ ಮೇವಾಗುವುದುಂಟು. ಐಐಟಿ ರೂರ್ಕಿಯಲ್ಲಿ ಓದಿದ ಇಬ್ಬರು 2019ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಲೂಪ್‌ವರ್ಮ್ ಇಂಥ ಕೀಟಗಳಿಂದಲೇ ಮೇವಿನ ಪ್ರೋಟೀನ್ ತೆಗೆಯುತ್ತದೆ.

ತೊಡಕಿರುವುದು ಹುಳದಲ್ಲಲ್ಲ, ನಾವು ಕೊಡುವ ಕಸದಲ್ಲಿ. ಕ್ಯಾಡ್ಮಿಯಂನಂಥ ಲೋಹ ಕಸದಲ್ಲಿದ್ದರೆ ಹುಳದ ಮೈಗೂ ಇಳಿಯುತ್ತದೆ. ಯುರೋಪ್ 2017ರಲ್ಲಿ ಮೀನು ಸಾಕಣೆಗೆ ಕೀಟದ ಪ್ರೋಟೀನ್ ಒಪ್ಪಿತು. ಆದರೆ ಹೋಟೆಲು, ಮನೆಗಳ ಎಂಜಲಿನಲ್ಲಿ ಬೆಳೆದ ಹುಳಕ್ಕೆ ಅಲ್ಲಿ ಅನುಮತಿಯಿಲ್ಲ. ಹೊರದೇಶಕ್ಕೆ ಮಾರುವ ಸೀಗಡಿಗೆ ಈ ಮಾತು ಮುಖ್ಯ.

ಹಾಗಾಗಿ ನನ್ನ ಕಣ್ಣು ನಮ್ಮ ಎಂವಿಪಿ ಕಾಲೋನಿಯ ರೈತು ಬಜಾರಿನ ಮೇಲೆ. ಹೂಕೋಸಿನ ಎಲೆ, ಒಡೆದ ಟೊಮೆಟೊ, ಬಾಡಿದ ಸೊಪ್ಪು: ಹುಳಕ್ಕೆ ಇದಕ್ಕಿಂತ ಚೊಕ್ಕ ಊಟ ಬೇರೆಲ್ಲಿ? ಅದನ್ನು ಅಲ್ಲೇ ಬೇರೆ ಡ್ರಮ್ಮಿಗೆ ಹಾಕಿಸಬೇಕು. ಅಪಾರ್ಟ್‌ಮೆಂಟಿನ ಡೈಪರು, ಬಲ್ಬುಗಳ ಜತೆ ಒಂದೇ ಲಾರಿ ಹತ್ತಿದರೆ ಅಲ್ಲಿಗೆ ಮುಗಿಯಿತು. ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನೆತ್ತಿದಾಗ ಪಕ್ಕದ ಮನೆಯ ಆಂಟಿ ಕೇಳಿದ್ದು ಒಂದೇ ಮಾತು: "ಪುರುಗುಲಾ, ಬಾಬು?" ಹೌದು ಆಂಟಿ, ಹುಳಗಳೇ.